ಹಲಸಿಯ ಗೋಡೆ, ಅಕ್ಕನ ಗೆರೆ

ಕಳೆದ ತಿಂಗಳು ಖಾನಾಪುರದಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಮಳೆ ಜೋರಾಯಿತು. ನಿಲ್ದಾಣದ ಚಾವಣಿಯ ಕೆಳಗೆ ಜನ ಒತ್ತಿಕೊಂಡು ನಿಂತರು. ನನ್ನ ಪಕ್ಕಕ್ಕೆ ಬಂದ ಮುದುಕನೊಬ್ಬ ತಲೆಯ ಮೇಲಿನ ಕಂಬಳಿಯ ಕೊಪ್ಪೆ ತೆಗೆದು ಕೊಡವಿದ. ನೆನೆದ ಉಣ್ಣೆಯ ವಾಸನೆ, ಅದರೊಳಗೇ ಸೇರಿಕೊಂಡ ಒಲೆಯ ಹೊಗೆ, ಕುರಿಹಟ್ಟಿಯ ಘಾಟು. ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಅಲ್ಲೇ ಇದ್ದ ಕಟ್ಟೆಯ ಮೇಲೆ ಕುಳಿತೆ. ಹಲಸಿಯಲ್ಲಿ ನಮ್ಮ ಪ್ರೊಜೆಕ್ಟರುಗಳ ಮೇಲೆ ಹೊದಿಸುತ್ತಿದ್ದ ಕಂಬಳಿಗೆ ಇದೇ ವಾಸನೆಯಿತ್ತು. ಅಕ್ಕನ ಕಣ್ಣಿಗೆ ಕೇಡು ಬಂದ ವರ್ಷ ಅದು.

ನಮ್ಮದು ವಡಗಾವಿಯ ನೇಕಾರರ ಓಣಿ. ಅಪ್ಪ ಇರುವವರೆಗೂ ಮನೆಯ ಮುಂದಿನ ಪಡಸಾಲೆಯಲ್ಲಿ ಮಗ್ಗದ ಸದ್ದು ನಿಂತದ್ದಿಲ್ಲ. ಅಕ್ಕ ಶಕುಂತಲಾ ನನಗಿಂತ ಎಂಟು ವರ್ಷ ದೊಡ್ಡವಳು. ಚೌಕುಳಿ ಕಾಗದದ ಮೇಲೆ ಸೀರೆಯ ಅಂಚಿಗೆ ನವಿಲು, ರುದ್ರಾಕ್ಷಿ, ಗೋಪುರ ಬರೆದುಕೊಡುವುದು ಅವಳ ಕೆಲಸವಾಗಿತ್ತು. ಸಾಲಿಯಲ್ಲಿದ್ದಾಗಲೇ ಅವಳಿಗೆ ದಪ್ಪ ಗಾಜಿನ ಕನ್ನಡಕ ಬಂದಿತ್ತು. ಬಲಗಣ್ಣು ಹುಟ್ಟಿನಿಂದಲೂ ಮಂದ; ಏನಿದ್ದರೂ ಎಡಗಣ್ಣಿನ ಬಲದಿಂದಲೇ. ಆದರೆ ಆ ಒಂದು ಕಣ್ಣಿಗೆ ಎಳೆ ತಪ್ಪಿದ್ದು ಓಣಿಯ ಆಚೆ ತುದಿಯಿಂದಲೂ ಗೊತ್ತಾಗುತ್ತದೆ ಎಂದು ಅಪ್ಪ ಹೆಮ್ಮೆಪಡುತ್ತಿದ್ದ.

ಅಪ್ಪ ತೀರಿಕೊಂಡ ಮೇಲೆ ಮಗ್ಗ ನಿಂತಿತು. ನಾನು ಡಿಪ್ಲೊಮಾ ಮುಗಿಸಿ ಮದುವೆ ಮಂಟಪಗಳಿಗೆ ದೀಪ, ಧ್ವನಿ, ಪರದೆ ಒದಗಿಸುವವರ ಹತ್ತಿರ ದುಡಿಯುತ್ತಿದ್ದೆ. ಒಂದು ಗಣೇಶ ಚತುರ್ಥಿಯಲ್ಲಿ ಓಣಿಯವರ ಮಂಟಪದ ಹಿಂದಿನ ಹಳೇ ಕಟ್ಟಡದ ಮೇಲೆ ಅಕ್ಕನ ಚಿತ್ರಗಳನ್ನು ಪ್ರೊಜೆಕ್ಟರಿನ ಬೆಳಕಿನಲ್ಲಿ ಬಿಟ್ಟೆವು. ಕಿಟಕಿಯೊಳಗಿನಿಂದ ಬಳ್ಳಿ ಹೊರಬಂದು ಕಂಬಕ್ಕೆ ಸುತ್ತಿಕೊಂಡಿತು. ಜನ ಗೋಡೆಯ ಹತ್ತಿರ ಹೋಗಿ ಮುಟ್ಟಿ ನೋಡಿದರು. ಅಂದಿನಿಂದ ಅಕ್ಕ ಬರೆಯುವವಳು, ನಾನು ಬೆಳಕು ಬಿಡುವವಳು.

ಸಪಾಟು ಪರದೆಯ ಮೇಲೆ ಚಿತ್ರ ಬಿಡುವುದರಲ್ಲಿ ದೊಡ್ಡ ಕಸುಬೇನಿಲ್ಲ. ಉಬ್ಬುತಗ್ಗಿನ ಗೋಡೆಯ ಮೇಲೆ ಬಿಟ್ಟರೆ ನೆಟ್ಟಗಿನ ಕಂಬ ಬಾಗುತ್ತದೆ, ಮುಖದ ಮೂಗು ಒಂದು ಕಲ್ಲಿನ ಮೇಲೆ ಬಿದ್ದರೆ ತುಟಿ ಪಕ್ಕದ ಗೂಡಿನೊಳಗೆ ಬೀಳುತ್ತದೆ. ಅದಕ್ಕೆ ಮೊದಲು ಗೋಡೆಯ ಮೇಲೆ ಬರೀ ಚೌಕಗಳ ಬಲೆಯನ್ನು ಬಿಡುತ್ತೇವೆ. ಆ ಗೆರೆಗಳು ಎಲ್ಲಿ ಬಾಗಿದವೋ ನೋಡಿಕೊಂಡು, ಕಂಪ್ಯೂಟರಿನಲ್ಲಿ ಅಲ್ಲಲ್ಲಿ ಅಷ್ಟಷ್ಟೇ ಎದುರು ದಿಕ್ಕಿಗೆ ಎಳೆಯುತ್ತೇವೆ. ಗೋಡೆಯ ಮೇಲೆ ಬಲೆ ನೆಟ್ಟಗಾದರೆ ಚಿತ್ರವೂ ನೆಟ್ಟಗಾಗುತ್ತದೆ. ಅದೂ ಜನ ನಿಲ್ಲುವ ಜಾಗದಿಂದ ನೋಡಿದಾಗ ಮಾತ್ರ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಮತ್ತೆ ಸೊಟ್ಟ. ಹೀಗೆ ಗೆರೆ ಎಳೆಯುವ ಕೆಲಸವನ್ನು ಅಕ್ಕ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಆ ವರ್ಷ ಹಲಸಿಯಿಂದ ಕರೆ ಬಂತು. ಕಾರ್ತಿಕದ ದೀಪಗಳ ಹೊತ್ತಿಗೆ ಹಳೆಯ ಗುಡಿಯ ಹೊರಗೋಡೆಯ ಮೇಲೆ ಊರಿನ ಕಥೆಯನ್ನು ತೋರಿಸಬೇಕೆಂದು ಅಲ್ಲಿನ ಸಮಿತಿಯವರು ಬಯಸಿದ್ದರು. ಅನುಮತಿಗಳನ್ನೆಲ್ಲ ಅವರೇ ತಂದಿದ್ದರು. ಕಲ್ಲಿಗೆ ಮೊಳೆ, ಅಂಟು, ಬಣ್ಣ ಯಾವುದೂ ತಾಗಕೂಡದು, ಬೆಳಕು ಮಾತ್ರ ತಾಗಬಹುದು ಎಂಬ ಷರತ್ತಿತ್ತು. ಅವರು ಕಳಿಸಿದ ಗೋಡೆಯ ಫೋಟೋ ನೋಡಿಕೊಂಡು ಅಕ್ಕ ಶ್ರಾವಣದುದ್ದಕ್ಕೂ ಕೂತು ಬರೆದಳು. ಕಾಡಿನಿಂದ ಕಲ್ಲು ಎಳೆಯುವ ಎತ್ತುಗಳು, ಉಳಿ ಹಿಡಿದ ಕೈಗಳು, ಕಲ್ಲುಕುಟಿಗರಿಗೆ ಬುತ್ತಿ ಹೊತ್ತ ಹೆಂಗಸರು. ಕೊನೆಯಲ್ಲಿ ಒಬ್ಬ ಕಲ್ಲುಕುಟಿಗನ ಮಗಳು. ಮುಗಿದ ಗೋಡೆಯನ್ನು ಮೊದಲ ಸಲ ದೀಪ ಎತ್ತಿ ನೋಡುತ್ತಿರುವ ಹುಡುಗಿ. ಗೋಡೆಯ ನಡುವಿನ ಆಳದ ಗೂಡಿಗೆ ಸರಿಯಾಗಿ ಅವಳ ಮುಖ ಬರಬೇಕು. ಅಷ್ಟು ಚೆಂದದ ಮುಖವನ್ನು ಅಕ್ಕ ಅದಕ್ಕೂ ಮೊದಲು ಬರೆದಿರಲಿಲ್ಲ.

ಅಳತೆಗೆಂದು ಮೊದಲ ಸಲ ವ್ಯಾನಿನಲ್ಲಿ ಹೊರಟಾಗ ಖಾನಾಪುರದ ರಸ್ತೆಯಲ್ಲಿ ಅಕ್ಕ ಕೇಳಿದಳು: "ಗಾಳಿಗೆ ಕಂಬಾ ಬಾಗ್ಯಾವಲ್ಲ, ತಂತಿ ಹರಿದ ಬಿದ್ದರ ಹೆಂಗ?"

ನಾನು ನೋಡಿದೆ. ಕಂಬಗಳು ನೆಟ್ಟಗೇ ಇದ್ದವು. ಗಾಜಿನ ಮೇಲೆ ನೀರು ಹರಿಯುತ್ತಿತ್ತು, ಅದಕ್ಕೆ ಹಾಗೆ ಕಂಡಿರಬೇಕು ಎಂದುಕೊಂಡೆ.

ಹಲಸಿಯಲ್ಲಿ ಗುಡಿಯ ಎದುರಿನ ಮನೆಯ ಯಲ್ಲವ್ವ ತನ್ನ ಪಡಸಾಲೆಯನ್ನು ನಮಗೆ ಬಿಟ್ಟುಕೊಟ್ಟಳು. ಕುರಿ ಕಾಯುವ ಮನೆತನ. ಮಗ ಬೆಳಗಾವಿಯ ಕಾರ್ಖಾನೆಯೊಂದರಲ್ಲಿ ಸಂಬಳಕ್ಕಿದ್ದ, ಕುರಿಗಳೆಲ್ಲ ಹೋಗಿ ಕಂಬಳಿಗಳು ಉಳಿದಿದ್ದವು. ಮಳೆಯ ಎರಚಲಿಗೆ ನಾನು ಪ್ಲಾಸ್ಟಿಕ್ ಹಾಳೆ ಬಿಚ್ಚುತ್ತಿದ್ದಾಗ ಅವಳು ಒಳಗಿನಿಂದ ಎರಡು ಕರಿಕಂಬಳಿ ತಂದು ಹಾಕಿದಳು. "ಆ ಕಾಗದಾ ಬ್ಯಾಡ್ರಿ, ಒಳಗ ಬೆವರತೈತಿ. ಇದನ್ನ ಹೊಚ್ಚರಿ. ಹೊರಗ ಎಷ್ಟ ನೆನದ್ರೂ ಒಳಗ ಹನಿ ಇಳಿಯೂದಿಲ್ಲ." ಸಮಿತಿಯ ವಿಠ್ಠಲ ಮಾಸ್ತರರು, ಮನೆಯಲ್ಲಿ ಮರಾಠಿ ಮಾತಾಡುವವರು, ಕನ್ನಡ ಸಾಲಿಯಲ್ಲಿ ಪಾಠ ಹೇಳುವವರು, ದಿನಾ ಸಂಜೆ ಬಂದು ನಮ್ಮ ಜತೆ ಚಹಾ ಕುಡಿಯುತ್ತಿದ್ದರು. "ಕಥಿ ಎರಡೂ ಭಾಷಾದಾಗ ಹೇಳರಿ, ಇಲ್ಲಾಂದ್ರ ನಮ್ಮ ಮನ್ಯಾಗಽ ಜಗಳಾ ಆಗ್ತೈತಿ" ಎಂದು ನಗುತ್ತಿದ್ದರು.

ಮಳೆ ಬಿಡುವು ಕೊಟ್ಟ ಒಂದು ಸಂಜೆ, ಕತ್ತಲಾಗುತ್ತಲೇ ಗೋಡೆಯ ಮೇಲೆ ಬಲೆ ಬಿಟ್ಟೆವು. ಪಾಚಿ ಹಿಡಿದ ಕಪ್ಪುಕಲ್ಲಿನ ಮೇಲೆ ಬಿಳಿಯ ಚೌಕಗಳು ಹರಡಿಕೊಂಡವು. ಅಕ್ಕ ಅಂಗಳದ ನಡುವೆ ಕಂಪ್ಯೂಟರ್ ಮುಂದಿಟ್ಟುಕೊಂಡು ಕೂತಳು. ನಾನು ಗೋಡೆಯ ಹತ್ತಿರ ನಿಂತೆ.

"ಗಿರಿಜಾ, ಎಡಕಿನ ಉದ್ದ ಗೆರಿ ಸೊಟ್ಟ ಐತಿ ನೋಡು."

"ಇಲ್ಲಕ್ಕಾ, ಈಗಷ್ಟ ನೆಟ್ಟಗ ಮಾಡೀಯಲ್ಲ."

"ನೀ ಗ್ವಾಡಿ ಬುಡಕ ನಿಂತೀ. ನಿನಗೇನ ತಿಳೀತೈತಿ? ಇಲ್ಲಿ ಬಂದ ನೋಡು."

ಹೋಗಿ ಅವಳ ಹಿಂದೆ ನಿಂತು ನೋಡಿದೆ. ಗೆರೆ ನೆಟ್ಟಗಿತ್ತು. ಹಾಗೆಂದಾಗ ಅವಳಿಗೆ ಸಿಟ್ಟು ಬಂತು. ಅವಳು ಕೂತಿದ್ದಾಳೆ, ನಾನು ನಿಂತಿದ್ದೇನೆ, ಅದಕ್ಕೇ ಈ ವ್ಯತ್ಯಾಸ ಎಂದುಕೊಂಡೆ. ನಮ್ಮ ಕೆಲಸದಲ್ಲಿ ಇಬ್ಬರು ಎರಡು ಕಡೆಯಿಂದ ನೋಡಿ ಎರಡು ಥರ ಹೇಳುವುದು ದಿನದ ಮಾತು. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಮತ್ತೆ ನೋಡಿದೆ. ಆಗಲೂ ನೆಟ್ಟಗೇ ಕಂಡಿತು. ಅಷ್ಟರಲ್ಲಿ ಅಕ್ಕ ಒಂದೊಂದೇ ಚುಕ್ಕೆಯನ್ನು ಹಿಡಿದು ಎಳೆದಳು. ಗೋಡೆಯ ಮೇಲೆ ಗೆರೆ ನನ್ನ ಕಣ್ಣೆದುರೇ ಹಾವಿನಂತೆ ಬಳುಕಿತು.

"ಈಗ ಕೂಡ್ತು ನೋಡು," ಎಂದಳು ಅಕ್ಕ, ಸಮಾಧಾನದಿಂದ.

ಇಷ್ಟು ವರ್ಷ ಅವಳ ಕಣ್ಣು ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ತಪ್ಪು ನನ್ನ ಕಣ್ಣಿನದೇ ಇರಬಹುದೇ ಎಂದು ಆ ಹೊತ್ತಿಗೆ ನಿಜವಾಗಿ ಅನ್ನಿಸಿತ್ತು.

ಮರುದಿನ ರೊಟ್ಟಿ ಬಡಿಯುತ್ತಿದ್ದ ಯಲ್ಲವ್ವ ಮೆಲ್ಲಗೆ ಕೇಳಿದಳು: "ನಿಮ್ಮ ಅಕ್ಕಗ ನನ್ನ ಮ್ಯಾಲ ಏನರ ಸಿಟ್ಟ ಐತೇನ್ರಿ? ಮಾತಾಡೂ ಮುಂದ ಮುಖಾ ನೋಡೂದಿಲ್ಲ. ಕಿವಿ ಕಡೆ ನೋಡಿಕೋತ ಮಾತಾಡ್ತಾರ."

"ಆಕಿ ಗುಂಗಽ ಹಂಗ ಐತಿ ಬಿಡಬೇ," ಎಂದೆ. ಆದರೆ ಆ ಮಾತು ತಲೆಯಲ್ಲಿ ಕೂತಿತು. ಅವತ್ತೆಲ್ಲ ಅಕ್ಕನನ್ನೇ ನೋಡಿದೆ. ಚಹಾದ ಬಟ್ಟಲು ಹಿಡಿಯಲು ಹೋದ ಅವಳ ಕೈ ಒಂದಿಷ್ಟು ಆಚೆ ಹೋಗಿ ಮತ್ತೆ ಈಚೆ ಬರುತ್ತಿತ್ತು.

ಭಾದ್ರಪದ ಕಳೆಯುವ ಹೊತ್ತಿಗೆ ಊರವರಿಗೆ ಒಂದು ತುಣುಕನ್ನು ತೋರಿಸಬೇಕೆಂದು ಮಾಸ್ತರರು ಕೇಳಿಕೊಂಡರು. ಮುಸ್ಸಂಜೆ ಅಂಗಳದಲ್ಲಿ ಚಾಪೆ ಹಾಸಿ ಜನ ಕೂತರು. ಎತ್ತುಗಳು ಬಂದವು. ಅವುಗಳ ಕಾಲುಗಳು ಅಲ್ಲಲ್ಲಿ ಮುರಿದಂತಿದ್ದರೂ ನಡಿಗೆಯಲ್ಲಿ ಅದು ಎದ್ದು ಕಾಣಲಿಲ್ಲ. ಆಮೇಲೆ ದೀಪದ ಹುಡುಗಿಯ ಮುಖ ಮೂಡಿತು. ಅವಳ ಒಂದು ಕಣ್ಣು ಗೂಡಿನ ಅಂಚಿನಿಂದ ಜಾರಿ ಕೆನ್ನೆಗೆ ಬಂದಿತ್ತು. ತುಟಿ ಎರಡಾಗಿ ಒಡೆದು, ಅರ್ಧ ಮೇಲಿನ ಕಲ್ಲಿನಲ್ಲಿ, ಅರ್ಧ ಕೆಳಗಿನ ಕಲ್ಲಿನಲ್ಲಿ ನೇತಾಡುತ್ತಿತ್ತು. ಒಂದು ಕೂಸು ಕಿಸಕ್ಕೆಂದು ನಕ್ಕಿತು. ಅದರ ಹಿಂದೆ ಮಕ್ಕಳೆಲ್ಲ ನಕ್ಕರು. ದೊಡ್ಡವರು ಸೆರಗು ಬಾಯಿಗಿಟ್ಟುಕೊಂಡರು.

ಅಕ್ಕ ನನ್ನ ತೋಳು ಹಿಡಿದಳು. ಅವಳ ಮುಖದಲ್ಲಿ ಅವಮಾನ ಇರಲಿಲ್ಲ, ಬರೀ ಗೊಂದಲ ಇತ್ತು.

"ಯಾಕ ನಗಾಕತ್ತಾರ ಇವರು?" ಎಂದು ಕೇಳಿದಳು.

ಆಗ ನನಗೆ ತಿಳಿಯಿತು. ಅವಳ ಕಣ್ಣಿಗೆ ಆ ಮುಖ ನೆಟ್ಟಗೇ ಇತ್ತು. ಪ್ರೊಜೆಕ್ಟರ್ ಆರಿಸಿದೆ. ಯಂತ್ರ ಕೆಟ್ಟಿದೆ, ಸರಿಮಾಡುತ್ತೇವೆ ಎಂದು ಮಾಸ್ತರರಿಗೆ ಹೇಳಿ ಅಕ್ಕನನ್ನು ಯಲ್ಲವ್ವನ ಪಡಸಾಲೆಗೆ ಕರೆದುಕೊಂಡು ಹೋದೆ. ಅಲ್ಲಿ ಸುಣ್ಣ ಹೊಡೆದ ಸಪಾಟು ಗೋಡೆಗೆ ಬಾಗಿಲ ಚೌಕಟ್ಟಿತ್ತು.

"ಬಲಗಣ್ಣ ಮುಚ್ಚು. ಈ ಬಾಗಲಾ ಹೆಂಗ ಕಾಣಸ್ತೈತಿ ಹೇಳು."

ಅವಳು ಮುಚ್ಚಲಿಲ್ಲ. ನೆಲ ನೋಡುತ್ತ ನಿಂತಳು. "ನೋಡೂದೇನೈತಿ," ಎಂದಳು. "ನಾ ಯಾವ ಕಡೆ ನೋಡತೀನಿ, ಆ ಕಡೆ ಬಾಗತೈತಿ. ಒಂದ ತಿಂಗಳ ಮ್ಯಾಲಾತು. ಈಗೀಗ ನಡೂವ ಹೊಗಿ ಬಂದಂಗ ಆಗೇತಿ. ಕನ್ನಡಕದ್ದು ಅಂದ್ಕೊಂಡೆ. ಆಮ್ಯಾಲ ಗ್ವಾಡೀದು ಅಂದ್ಕೊಂಡೆ. ಗ್ವಾಡಿ ಖರೇನ ಸೊಟ್ಟ ಐತೆಲ್ಲ ಗಿರಿಜಾ, ಅದಕ್ಕ ಗೊತ್ತಾಗಲಿಲ್ಲ."

"ಹೇಳಬಾರದೇನಕ್ಕಾ?"

"ಹೇಳಿದ್ರ ದವಾಖಾನಿ ಅಂತಿದ್ದಿ. ಈ ಕೆಲಸಾ ಬಿಡ ಅಂತಿದ್ದಿ. ಇದೊಂದ ಮುಗೀಲಿ ಅಂತ ಸುಮ್ಮನಿದ್ದೆ."

ಮರುದಿನ ಬೆಳಿಗ್ಗೆಯೇ ಬೆಳಗಾವಿಗೆ ವಾಪಸು ಬಂದೆವು. ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರು ಅಕ್ಕನಿಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅಂಗೈಯಗಲದ ಒಂದು ಕಾಗದವನ್ನು ಅಕ್ಕನ ಮುಂದೆ ಹಿಡಿದರು. ಅದರ ಮೇಲೆ ಸಣ್ಣ ಚೌಕಗಳ ಬಲೆ, ನಡುವೆ ಒಂದು ಚುಕ್ಕೆ. ಅದನ್ನು ನೋಡಿದ್ದೇ ಅಕ್ಕ ಜೋರಾಗಿ ನಕ್ಕುಬಿಟ್ಟಳು. ನಗು ನಿಲ್ಲಲೇ ಇಲ್ಲ. ಡಾಕ್ಟರು ನನ್ನ ಕಡೆ ನೋಡಿದರು.

"ನಮ್ಮ ಕೆಲಸಾನ ಇದು ಮೇಡಮ್," ಎಂದೆ.

ಹನಿ ಹಾಕಿ, ಫೋಟೋ ತೆಗೆದು, ಮಧ್ಯಾಹ್ನದ ಹೊತ್ತಿಗೆ ಅವರು ಬಿಡಿಸಿ ಹೇಳಿದರು. ದಪ್ಪ ಕನ್ನಡಕದವರ ಕಣ್ಣು ಉದ್ದಕ್ಕೆ ಎಳೆದುಕೊಂಡಿರುತ್ತದೆ. ಒಳಗಿನ ಪರದೆ ತೆಳುವಾಗಿ, ಅದರ ಹಿಂದೆ ಕೆಟ್ಟ ರಕ್ತನಾಳಗಳು ಬೆಳೆದು ಸೋರಿವೆ. "ಪರದಿ ಉಬ್ಬೇತ್ರಿ. ಉಬ್ಬಿದ ಪರದಿ ಮ್ಯಾಲ ಬಿದ್ದ ಚಿತ್ರಾ ನೆಟ್ಟಗ ಹೆಂಗ ಕಾಣಸ್ಬೇಕು?"

ಅಕ್ಕ ಕಣ್ಣೊರಸಿಕೊಂಡು ಕೇಳಿದಳು: "ಎಳದ ನೆಟ್ಟಗ ಮಾಡಾಕ ಬರತೈತೇನ್ರಿ?"

"ಇಂಜೆಕ್ಷನ್ ಕೊಟ್ಟು ಸೋರೂದನ್ನ ನಿಲ್ಲಸ್ತೀವ್ರಿ. ಉಬ್ಬು ಇಳೀತೈತಿ. ಆದ್ರ ಗಾಯದ ಕಲಿ ಬಿದ್ದ ಜಾಗಾ ಇರತೈತಲ್ಲ, ಅದು ಹೋಗೂದಿಲ್ಲ. ಇನ್ನಷ್ಟ ಮೊದಲ ಬರಬೇಕಿತ್ತು ನೀವು."

ಕಣ್ಣಿಗೆ ಸೂಜಿ ಎಂದು ಕೇಳಿ ಮನೆಯಲ್ಲಿ ಅವ್ವ ಪೂಜೆಗೆ ಕೂತವಳು ಸಂಜೆಯವರೆಗೂ ಏಳಲಿಲ್ಲ. ಅಂಗೈಯ ಮೇಲಿನ ಲಿಂಗವನ್ನೇ ನೋಡುತ್ತ ಕೂತಿದ್ದಳು. ತಿಂಗಳಿಗೊಂದರಂತೆ ಮೂರು ಇಂಜೆಕ್ಷನ್ ಎಂದಾಗಿತ್ತು. ಮೊದಲನೆಯದು ಆದ ದಿನ ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು. ಎರಡು ದಿನ ಕಳೆದ ಮೇಲೆ ಎದ್ದು, "ಹಲಸಿಗೆ ಯಾವಾಗ ಹೋಗೂಣು?" ಎಂದು ಕೇಳಿದಳು.

ಮಾಸ್ತರರಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. "ನಾವು ನಕ್ಕಬಿಟ್ಟಿವಲ್ಲ ತಾಯಿ," ಎಂದರು. ಬೇರೆಯವರನ್ನು ಹುಡುಕಿಕೊಳ್ಳಿ ಎಂದು ನಾನು ಹೇಳುವ ಮೊದಲೇ, "ನೀವಽ ಮಾಡ್ರಿ. ಆಗೂದಷ್ಟ ಆಗ್ಲಿ," ಎಂದರು.

ಹಲಸಿಗೆ ಮರಳಿದ ಮೇಲೆ ಗೆರೆ ಎಳೆಯುವ ಕೆಲಸ ನನ್ನ ಪಾಲಿಗೆ ಬಂತು. ಅಕ್ಕ ಪಕ್ಕದಲ್ಲಿ ಕೂತು ಹೇಳುತ್ತಿದ್ದಳು, ನಾನು ಎಳೆಯುತ್ತಿದ್ದೆ. ಎತ್ತುಗಳು ಸರಿಹೋದವು, ಬುತ್ತಿಯ ಹೆಂಗಸರು ಸರಿಹೋದರು. ಆ ಮುಖ ಮಾತ್ರ ಕೈಗೆ ಹತ್ತಲಿಲ್ಲ. ಮುಂದಿನ ಕಲ್ಲಿನ ಮೇಲೆ ಹಣೆ ಸ್ಪಷ್ಟವಾದರೆ ಗೂಡಿನೊಳಗಿನ ಕಣ್ಣು ಮಸುಕಾಗುತ್ತಿತ್ತು. ಗೂಡಿಗೆ ಸರಿಮಾಡಿದರೆ ಹಣೆ ಕರಗಿಹೋಗುತ್ತಿತ್ತು. "ಕೂಡ್ತೇನ?" ಎಂದು ಅಕ್ಕ ಕೇಳುತ್ತಿದ್ದಳು, ನಾನು ಇಲ್ಲ ಎನ್ನುತ್ತಿದ್ದೆ. ಎರಡನೆಯ ಇಂಜೆಕ್ಷನ್ ಆಗಿ, ಕಾರ್ತಿಕ ಹತ್ತಿರ ಬಂದಾಗ ನಾನು ಸೋತು ಹೇಳಿದೆ:

"ಅಕ್ಕಾ, ಮುಖಾ ತಗದಬಿಡೂಣು. ದೀಪಾ ಹಿಡದ ಕೈ ಒಂದ ಇರಲಿ. ಚಂದ ಕಾಣಸ್ತೈತಿ."

"ಬ್ಯಾಡ."

"ಮತ್ತ ನಕ್ಕರ?"

ಅವಳು ನನ್ನ ಕಡೆ ತಿರುಗಿದಳು. ನೋಟ ನನ್ನ ಹೆಗಲ ಮೇಲೆ ಎಲ್ಲೋ ನಿಂತಿತ್ತು. "ನನ್ನ ಕಣ್ಣ ಹೋದ್ರ ಹೋಗ್ಲಿ. ಆ ಹುಡಗೀ ಕಣ್ಣ ಅದರ ಜಾಗಾದಾಗ ಇರಬೇಕು."

ನಾನು ಎದ್ದು ಹೊರಗೆ ಹೋದೆ. ಮಳೆ ಹನಿಯುತ್ತಿತ್ತು. ಯಲ್ಲವ್ವ ಹಿಂದೆಯೇ ಬಂದು ತಲೆಗೆ ಕಂಬಳಿ ಹಾಕಿ ಒಳಗೆ ಹೋದಳು. ಅಲ್ಲಿ ನಿಂತು ಮನಸಾರೆ ಅತ್ತೆ. ಆಮೇಲೆ ಬೆಳಗಾವಿಯಿಂದ ಇನ್ನೊಂದು ಪ್ರೊಜೆಕ್ಟರ್ ತರಿಸಿದೆ. ಮುಂದಿನ ಕಲ್ಲುಗಳಿಗೆ ಒಂದು, ಗೂಡಿನ ಆಳಕ್ಕೆ ಇನ್ನೊಂದು. ಎರಡು ಬೆಳಕುಗಳು ಕೂಡುವ ಅಂಚಿನಲ್ಲಿ ಹುಬ್ಬು ಮುರಿಯದಂತೆ ಸಂಜೆ ಮೇಲೆ ಸಂಜೆ ಎಳೆದೆ. ಮಳೆ ಬಂದಾಗ ಎರಡನ್ನೂ ಕಂಬಳಿಯಿಂದ ಮುಚ್ಚಿ, ನಿಂತ ಮೇಲೆ ಮತ್ತೆ ಮೊದಲಿನಿಂದ ಶುರುಮಾಡಿದೆ.

ಕಾರ್ತಿಕದ ಆ ಸಂಜೆ ಸುತ್ತಲಿನ ಹಳ್ಳಿಗಳಿಂದಲೂ ಜನ ಬಂದಿದ್ದರು. ಮಾಸ್ತರರು ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ ನಾಲ್ಕು ಮಾತಾಡಿದರು. ಎತ್ತುಗಳು ಕಲ್ಲು ಎಳೆದವು, ಉಳಿಯ ಸದ್ದಿಗೆ ಕಿಡಿ ಹಾರಿತು. ಕೊನೆಯಲ್ಲಿ ಗೋಡೆ ಕತ್ತಲಾಗಿ, ಒಂದು ದೀಪ ಹೊತ್ತಿ, ಅದರ ಹಿಂದಿನಿಂದ ಹುಡುಗಿ ಮುಖ ಎತ್ತಿದಳು. ಎರಡೂ ಕಣ್ಣು ಗೂಡಿನೊಳಗೆ ನೆಟ್ಟಗೆ ನಿಂತಿದ್ದವು. ರೆಪ್ಪೆಯ ಕೂದಲನ್ನು ಎಣಿಸಬಹುದಿತ್ತು. ಅಂಗಳದಲ್ಲಿ ಒಂದು ಕೆಮ್ಮೂ ಕೇಳಲಿಲ್ಲ. ಮುಂದೆ ಕೂತಿದ್ದ ಒಬ್ಬ ಮುದುಕಿ ಹುಡುಗಿಯ ಕಡೆ ಕೈಚಾಚಿ ಲಟಿಕೆ ಮುರಿದು ದೃಷ್ಟಿ ತೆಗೆದಳು.

ತಿರುಗಿ ನೋಡಿದರೆ ಅಕ್ಕ ಪಕ್ಕದಲ್ಲಿರಲಿಲ್ಲ. ಯಲ್ಲವ್ವನ ಪಡಸಾಲೆಯಲ್ಲಿ, ಭತ್ತದ ಚೀಲಕ್ಕೆ ಒರಗಿ ಕೂತಿದ್ದಳು.

"ಯಾರೂ ನಗಲಿಲ್ಲಕ್ಕಾ," ಎಂದೆ.

"ಕೇಳ್ತು," ಎಂದಳು. ಆಮೇಲೆ ಹೇಳಿದಳು: "ನನಗ ಆಕಿ ಕಾಣಲಿಲ್ಲ ಗಿರಿಜಾ. ಗೂಡಿನ ಸುತ್ತಿನ ಕಲ್ಲ ಕಂಡ್ವು. ಕೈ ಕಂಡ್ತು. ಮುಖಾ ಇರೂ ಜಾಗಾದಾಗ ಹೊಗಿ. ಮಂದಿ ಎಲ್ಲಾರೂ ನೋಡಿದ್ರು, ನಾ ಒಬ್ಬಾಕಿ ನೋಡಲಿಲ್ಲ."

ಹೊರಗೆ ಜನ ಮತ್ತೊಮ್ಮೆ ತೋರಿಸಿರಿ ಎಂದು ಕೂಗುತ್ತಿದ್ದರು. "ಹೋಗು, ತೋರಸು," ಎಂದಳು. ಹೋಗಿ ತೋರಿಸಿದೆ.

ಮೂರನೆಯ ಇಂಜೆಕ್ಷನ್ ಆದ ಮೇಲೆ ಸೋರುವುದು ನಿಂತಿತು. ಬಾಗಿಲು, ಕಂಬಗಳು ಬಹುಮಟ್ಟಿಗೆ ನೆಟ್ಟಗಾದವು. ಹೊಗೆ ಮಾತ್ರ ಉಳಿಯಿತು. ಡಾಕ್ಟರು ಮೊದಲೇ ಹೇಳಿದ್ದರೂ ನಾವಿಬ್ಬರೂ ಒಳಗೊಳಗೇ ಆಸೆ ಇಟ್ಟುಕೊಂಡಿದ್ದೆವು. ಅಕ್ಕನಿಗೆ ಬಸ್ಸಿನ ಬೋರ್ಡು ಓದಲಾಗುತ್ತಿರಲಿಲ್ಲ, ಅನ್ನದಲ್ಲಿ ಕಲ್ಲು ಕಾಣುತ್ತಿರಲಿಲ್ಲ. ಎದುರಿಗೆ ಬಂದವರನ್ನು ದನಿಯಿಂದ ಗುರುತು ಹಿಡಿಯುತ್ತಿದ್ದಳು. ಬೇರೆ ಊರುಗಳಿಂದ ಕೆಲಸ ಬಂದವು. "ನೀ ಹೋಗು," ಎನ್ನುತ್ತಿದ್ದಳು. ಬೇರೆಯವರು ಬರೆದ ಚಿತ್ರಗಳನ್ನು ಬೇರೆ ಗೋಡೆಗಳ ಮೇಲೆ ಬಿಟ್ಟು ಬರುತ್ತಿದ್ದೆ. ಮನೆಗೆ ಬಂದಾಗ ಅವಳು ಏನನ್ನೂ ಕೇಳುತ್ತಿರಲಿಲ್ಲ. ಚಳಿಗಾಲವಿಡೀ ಅವಳ ಕುಂಚಗಳು ಡಬ್ಬಿಯಲ್ಲೇ ಇದ್ದವು. ಅವ್ವ ಅವುಗಳ ಮೇಲಿನ ಧೂಳು ಒರೆಸಿ ಅಲ್ಲೇ ಇಡುತ್ತಿದ್ದಳು.

ಹೋಳಿ ಹುಣ್ಣಿಮೆ ಕಳೆದ ಮೇಲೆ ಒಂದು ಮಧ್ಯಾಹ್ನ ನಾನು ಸಾಂಬ್ರಾದಲ್ಲಿ ಕೆಲಸ ಮುಗಿಸಿ ಮನೆಗೆ ಬಂದೆ. ಮಗ್ಗ ತೆಗೆದು ಖಾಲಿಯಾಗಿದ್ದ ಪಡಸಾಲೆಯ ನೆಲಕ್ಕೆ ಅಕ್ಕ ಹಾಸಿಗೆಯಷ್ಟು ದೊಡ್ಡ ಕಾಗದ ಹಾಸಿದ್ದಳು. ಮೊಣಕಾಲೂರಿ, ಸುಣ್ಣ ಬಳಿಯುವ ಕುಂಚದಿಂದ ಕಪ್ಪು ಬಣ್ಣದಲ್ಲಿ ಏನೋ ಬರೆಯುತ್ತಿದ್ದಳು. ಮುಖ ಒಂದು ಕಡೆ ಓರೆಯಾಗಿತ್ತು, ಕುಂಚ ಇನ್ನೊಂದು ಕಡೆ ಓಡುತ್ತಿತ್ತು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಂತೆ. ಅದು ಒಂದು ಎತ್ತು. ಕೊಂಬು, ಹಿಣಿಲು, ಬೆನ್ನು ಎಲ್ಲ ಒಂದೇ ಎಳೆತದಲ್ಲಿ ಬಂದಿತ್ತು. ಸೀರೆಯ ಅಂಚಿನ ಅವಳ ಸಣ್ಣ ಗೆರೆಗಳ ಗುರುತೇ ಅದರಲ್ಲಿರಲಿಲ್ಲ.

"ಗಿರಿಜಾ ಏನು?" ಎಂದಳು, ತಲೆ ಎತ್ತದೆ.

"ಹೂಂ."

"ಸರಿಯಾಗಿ ಬಂದಿ. ಬೆನ್ನಿನ ಗೆರಿ ಬಾಲಕ್ಕ ಕೂಡೇತೇನ ನೋಡು. ಅಲ್ಲಿ ನನಗ ಮಾಯ ಆಗ್ತೈತಿ."

ಹತ್ತಿರ ಹೋಗಿ ಬಗ್ಗಿ ನೋಡಿದೆ. ಕೂಡಿರಲಿಲ್ಲ. ಎರಡು ತುದಿಗಳ ನಡುವೆ ಬಿಳಿ ಕಾಗದ ಇಣುಕುತ್ತಿತ್ತು. ಕೂಡಿದೆ ಎಂದುಬಿಡಲೇ ಎಂದು ಒಂದು ಕ್ಷಣ ಮನಸ್ಸಾಯಿತು. ಎಷ್ಟೋ ತಿಂಗಳ ಮೇಲೆ ಕುಂಚ ಹಿಡಿದಿದ್ದಳು.

"ಇಲ್ಲಕ್ಕಾ," ಎಂದೆ. "ಎರಡ ಬೆರಳ ಬಿಟ್ಟೈತಿ."

ಅಕ್ಕ ಕುಂಚವನ್ನು ಬಣ್ಣದಲ್ಲಿ ಅದ್ದಿ, ಬಟ್ಟಲಿನ ಅಂಚಿಗೆ ಒರೆಸಿಕೊಂಡಳು.

"ಯಾವ ಕಡೆ?" ಎಂದು ಕೇಳಿದಳು.